ಈ ಸಲ ಯಾರ್ಯಾರ ಕಛೇರಿ

ಯುಗಾದಿ ಹತ್ತಿರ ಬರುತ್ತಿದ್ದಂತೆ ನನಗೆ ಒಂದು ಥರದ ಚಡಪಡಿಕೆ ಶುರುವಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ಬೇಸಿಗೆಯ ಸಂಗೀತೋತ್ಸವ ನಡೆಸುವವರು ಆ ಹೊತ್ತಿಗೆ ಯಾರ್ಯಾರ ಕಛೇರಿ ಯಾವ್ಯಾವ ದಿನ ಎಂಬುದನ್ನು ತಿಳಿಸುತ್ತಾರೆ. ಮೊದಲೆಲ್ಲ ಅದು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗಿ ಅಂಚೆಯಲ್ಲಿ ಬರುತ್ತಿತ್ತು. ಈಗ ಮೊಬೈಲಿಗೆ ಬರುತ್ತದೆ.

ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಅಕ್ಕಸಾಲಿ ಕೆಲಸ. ಹೊಸ ಒಡವೆ ಮಾಡಿಸುವವರು ಮೈಸೂರಿನ ದೊಡ್ಡ ಅಂಗಡಿಗಳಿಗೆ ಹೋಗುತ್ತಾರೆ. ನನ್ನಲ್ಲಿಗೆ ಬರುವುದು ಕಿತ್ತುಹೋದ ಕೊಂಡಿ, ಮುರಿದ ತಿರುಪು, ಸವೆದ ಸರ. ಕೆಲಸ ಮಾಡುತ್ತ ರೇಡಿಯೋದಲ್ಲಿ ಕಛೇರಿ ಕೇಳುವುದು ಅಪ್ಪನ ಕಾಲದಿಂದ ಬಂದ ಅಭ್ಯಾಸ. ನನಗೆ ಹಾಡಲು ಬಾರದು, ನುಡಿಸಲೂ ಬಾರದು. ಕೇಳುತ್ತೇನೆ, ಅಷ್ಟೆ.

ಮನೆಯಲ್ಲಿ ಜನಕ್ಕೇನೂ ಕಡಿಮೆಯಿಲ್ಲ. ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಲ್ಲ ಇದ್ದಾರೆ. ಆದರೆ ಸಂಗೀತದ ಮಾತೆತ್ತಿದರೆ ಆಸಾಮಿಗೆ ಮತ್ತೆ ಶುರುವಾಯಿತು ಎಂಬ ನಗು ಎಲ್ಲರ ಮುಖದ ಮೇಲೂ ಬರುತ್ತದೆ. “ಒಂದೇ ಸಾಲ್ನ ಇಪ್ಪತ್ತು ಸಲ ಹಾಡ್ತಾರಲ್ಲ, ಮೊದಲ್ನೇ ಸಲಾನೇ ಸರ್ಯಾಗ್ ಕೇಳುಸ್ಕಬಾರ್ದಾ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅವಳ ತಪ್ಪಲ್ಲ. ನಾನೂ ನಕ್ಕುಬಿಟ್ಟೆ. ಆದರೆ ಅಂದಿನಿಂದ ಆ ಮಾತನ್ನು ಮನೆಯಲ್ಲಿ ಎತ್ತುವುದು ಕಡಿಮೆ ಮಾಡಿದೆ.

ಆ ಮಾತಿಗೆಂದು ನನಗಿದ್ದವನು ಒಬ್ಬನೇ, ಗೌಡ. ಕೆ.ಆರ್. ಪೇಟೆ ತಾಲ್ಲೂಕಿನವನು, ಗೋವಿಂದನಹಳ್ಳಿಯ ಹಳೆಯ ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ಅವನ ಊರು. ಕಬ್ಬು, ಭತ್ತ, ನಾಲ್ಕಾರು ಹಸು. ಓದುವಾಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದನಂತೆ. ಪಕ್ಕದ ಬೀದಿಯಲ್ಲಿ ಚಪ್ಪರ ಹಾಕಿ ಕಛೇರಿ ಮಾಡುತ್ತಿದ್ದರಂತೆ. ಓದು ಅರ್ಧಕ್ಕೆ ನಿಂತಿತು, ಕೇಳುವ ಹುಚ್ಚು ಮಾತ್ರ ಅವನ ಜೊತೆ ಊರಿಗೆ ಬಂತು.

ಅವನು ನನ್ನ ಅಂಗಡಿಗೆ ಮೊದಲು ಬಂದದ್ದು ಹೆಂಡತಿಯ ಓಲೆ ರಿಪೇರಿಗೆ. ರೇಡಿಯೋದಲ್ಲಿ ಪಿಟೀಲು ನಡೆಯುತ್ತಿತ್ತು. ಓಲೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟ.

“ಭೈರವಿ ಅಲ್ವಾ ಆಚಾರ್ರೇ?” ಎಂದ.

“ಮುಖಾರಿ ಕಣ್ರೀ” ಎಂದೆ.

“ಇಲ್ಲ ಬುಡಿ, ಭೈರವೀನೇ.”

ಕೊನೆಗೆ ರೇಡಿಯೋದವರೇ ಹೇಳುತ್ತಾರಲ್ಲ ಎಂದು ಇಬ್ಬರೂ ಕಾದು ಕುಳಿತೆವು. ಸರಿಯಾಗಿ ಆಗ ಕರೆಂಟು ಹೋಯಿತು. ಅವನು ಗಟ್ಟಿಯಾಗಿ ನಕ್ಕ. ಅಲ್ಲಿಂದ ಮುಂದೆ ‘ಆಚಾರ್ರೇ’ ಹೋಗಿ ‘ಲೇ ಆಚಾರಿ’ ಆಯಿತು, ‘ಗೌಡ್ರೇ’ ಹೋಗಿ ‘ಗೌಡ’ ಆಯಿತು.

ಪ್ರತಿ ಬೇಸಿಗೆಯೂ ಒಟ್ಟಿಗೆ ಹೋಗುತ್ತಿದ್ದೆವು. ಅವನು ಬಸ್ಸಿನಲ್ಲಿ ಪಾಂಡವಪುರಕ್ಕೆ ಬರುತ್ತಿದ್ದ, ಇಲ್ಲಿಂದ ಇಬ್ಬರೂ ಶ್ರೀರಂಗಪಟ್ಟಣಕ್ಕೆ. ನಿಜ ಹೇಳಬೇಕೆಂದರೆ ಕಛೇರಿಗಿಂತ ಅದಕ್ಕೆ ಮುಂಚಿನ ದಿನಗಳೇ ನಮಗೆ ಹೆಚ್ಚು ಸಂತೋಷ ಕೊಡುತ್ತಿದ್ದವು. ಗುಲಾಬಿ ಕಾಗದ ಬರುವ ಮುಂಚೆ ಈ ಸಲ ಯಾರನ್ನು ಕರೆಸುತ್ತಾರೆ ಎಂಬ ಊಹೆ. ಬಂದಮೇಲೆ ಯಾರು ಯಾವ ರಾಗವನ್ನು ವಿಸ್ತಾರವಾಗಿ ಎತ್ತಿಕೊಳ್ಳುತ್ತಾರೆ ಎಂಬ ಜಗಳ. ನನ್ನ ಊಹೆ ಸರಿಯಾದರೆ ಗೌಡ ಕಛೇರಿಯ ನಡುವೆ ನನ್ನ ತೊಡೆ ಚಿವುಟುತ್ತಿದ್ದ. ಅವನದು ಸರಿಯಾದರೆ ಮೀಸೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗದೆ ಕುಳಿತಿರುತ್ತಿದ್ದ.

ಆಮೇಲೆ ಅವನ ಕಿವಿ ಮಂದವಾಯಿತು. ಮೊದಮೊದಲು ತಂಬೂರಿ ಕೇಳುತ್ತಿಲ್ಲ, ಮೈಕಿನವನು ಸರಿಯಿಲ್ಲ ಎನ್ನುತ್ತಿದ್ದ. ಒಂದು ವರ್ಷ ಕೊಳಲಿನ ಮೇಲಿನ ಸ್ವರಗಳು ಬರುವಾಗ ಅವನ ಕೈ ತಾಳ ತಪ್ಪಿದ್ದನ್ನು ಕಂಡೆ. ನಾಗಮಂಗಲಕ್ಕೆ ಕೊಟ್ಟಿದ್ದ ಮಗಳು ಅವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಗೆ ಮಿಷನ್ ಹಾಕಿದರು. ಮನೆಯ ಮಾತು, ಹಸುವಿನ ಕೂಗು ಎಲ್ಲ ಕೇಳುತ್ತದೆ ಎಂದು ಹಿಗ್ಗಿದ. “ಈ ಸಲ ನೋಡ್ಲಾ, ಒಂದು ಗಮಕಾನೂ ಬುಡಾಕಿಲ್ಲ” ಎಂದ.

ಆ ಬೇಸಿಗೆಯ ಮೊದಲ ದಿನ ವೀಣೆ. ಮುಂದಿನ ಸಾಲಿನಲ್ಲಿ ಕುಳಿತೆವು. ವರ್ಣ ಶುರುವಾಗುತ್ತಲೇ ಗೌಡ ಮಿಷನ್ನಿನ ಗುಂಡಿ ಒತ್ತಿದ, ಮತ್ತೆ ಒತ್ತಿದ, ತೆಗೆದು ಊದಿ ಮತ್ತೆ ಹಾಕಿಕೊಂಡ. ಕೊನೆಗೆ ನನ್ನ ಕಡೆ ಬಾಗಿ, ತನ್ನ ದನಿ ಎಷ್ಟು ಜೋರಾಗಿದೆ ಎಂದು ತಿಳಿಯದೆ, “ತಗಡಿನ ಡಬ್ಬುಕ್ಕೆ ಕಲ್ ಆಕಿ ಅಲ್ಲಾಡ್ಸ್ದಂಗಾಯ್ತದೆ ಕಣ್ಲಾ ಆಚಾರಿ!” ಎಂದ. ಸುತ್ತಲಿನವರು ತಿರುಗಿ ನೋಡಿದರು. ವೀಣೆಯವರೂ ಒಮ್ಮೆ ತಲೆ ಎತ್ತಿದರು. ಗೌಡ ಮಿಷನ್ನನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಎದ್ದು ಹೋಗೋಣವೆಂದು ಸನ್ನೆ ಮಾಡಿದೆ, ಒಪ್ಪಲಿಲ್ಲ. ಮಂಗಳ ಮುಗಿಯುವವರೆಗೂ ಮಂಡಿಯ ಮೇಲೆ ಕೈಯಿಟ್ಟುಕೊಂಡು ವೀಣೆಯವರ ಬೆರಳನ್ನೇ ನೋಡುತ್ತ ಕುಳಿತಿದ್ದ.

ಮರುವರ್ಷ ಕಬ್ಬು ಕಟಾವು ಎಂದು ನೆಪ ಹೇಳಿದ. ಅವನಿಲ್ಲದೆ ನಾನೂ ಹೋಗಲಿಲ್ಲ.

ಈ ವರ್ಷ ಮೊಬೈಲಿಗೆ ಕಾರ್ಯಕ್ರಮ ಬಂದಾಗ ಅಂಗಡಿಯಲ್ಲಿ ಒಬ್ಬನೇ ಇದ್ದೆ. ನಾವಿಬ್ಬರೂ ಬಹಳ ವರ್ಷಗಳಿಂದ ಕರೆಸಲಿ ಎಂದು ಕಾಯುತ್ತಿದ್ದ ಗಾಯಕಿಯ ಹೆಸರು ಅದರಲ್ಲಿತ್ತು. ಸಂತೋಷದಿಂದ ಅಂಗಡಿಯ ಬಾಗಿಲವರೆಗೆ ಎದ್ದು ಬಂದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರಿಗೆ ಹೇಳುವುದು? ಎದುರಿನ ಬಟ್ಟೆ ಅಂಗಡಿಯವನು “ಏನಾಚಾರ್ರೇ?” ಎಂದ. “ಏನಿಲ್ಲ” ಎಂದು ಒಳಗೆ ಬಂದು ಕುಳಿತೆ. ಗೌಡನಿಗೆ ಇದನ್ನು ತೋರಿಸಿದರೆ ಗಾಯವನ್ನು ಕೆದಕಿದಂತಾಗುತ್ತದೋ, ತೋರಿಸದಿದ್ದರೆ ಅವನನ್ನು ಲೆಕ್ಕದಿಂದಲೇ ಬಿಟ್ಟಂತಾಗುತ್ತದೋ ತಿಳಿಯಲಿಲ್ಲ. ಭಾನುವಾರ ಅವನ ಊರಿಗೆಂದು ಚಿನಕುರಳಿ ದಾರಿಯ ಬಸ್ಸು ಹತ್ತಿದೆ.

ಗೌಡ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ಕೈ ತೊಳೆದು ಬಂದು ಜಗಲಿಯ ಮೇಲೆ ಕುಳಿತ. ಕಿವಿಗೆ ಮಿಷನ್ ಹಾಕಿಕೊಂಡಿರಲಿಲ್ಲ. ಮೊಬೈಲು ಕೊಟ್ಟೆ. ದೂರ ಹಿಡಿದುಕೊಂಡು ನಿಧಾನವಾಗಿ ಓದಿದ. ಆ ಹೆಸರಿಗೆ ಬಂದಾಗ ಬೆರಳು ನಿಂತಿತು.

“ಅಂತೂ ಕರ್ಸುದ್ರು” ಎಂದ.

ನಾವಿಬ್ಬರೂ ಹೋಗೋಣ ಎಂದು ಕೈಸನ್ನೆ ಮಾಡಿದೆ.

“ನಾನ್ ಬರಾಕಿಲ್ಲ ಕಣ್ಲಾ. ಎಲ್ರೂ ತಲೆ ಆಡ್ಸೋದ್ನ ನೋಡ್ಕಂಡು ಕೂತ್ಕಳಾಕೆ ನನ್ ಕೈಲಾಗಕಿಲ್ಲ.” ಮೊಬೈಲನ್ನು ನನ್ನ ಕೈಗೆ ಕೊಟ್ಟು, “ಅಳೇದೆಲ್ಲ ತಲೇಲಿ ಐತೆ. ಬೇಕಾದಾಗ ಕೇಳುಸ್ತದೆ. ಒಸದು ಬರಾಕಿಲ್ಲ, ಅಷ್ಟೇಯ” ಎಂದ.

ಅವನ ಹೆಂಡತಿ ಮಜ್ಜಿಗೆ ತಂದಿಟ್ಟರು. ಕುಡಿದೆವು. ನಾನು ಹೊರಡಲೆಂದು ಎದ್ದಾಗ ಗೌಡ ನನ್ನ ಅಂಗಿ ಹಿಡಿದು ಕೂರಿಸಿದ. “ಈಯಮ್ಮ ತೋಡಿ ಬುಟ್ಟು ಬ್ಯಾರೇದು ಆಡಾಕಿಲ್ಲ, ಬರ್ಕೋ ಬೇಕಾದ್ರೆ.”

ನಾನು ಮೊಬೈಲಿನಲ್ಲಿ ‘ಕಾಂಭೋಜಿ’ ಎಂದು ಒತ್ತಿ ಅವನ ಮುಖದ ಮುಂದೆ ಹಿಡಿದೆ.

“ನಿನ್ ತಲೆ! ಬ್ಯಾಸ್ಗೇಲಿ ಕಾಂಭೋಜಿ ಆಡ್ತಾರೇನ್ಲಾ?” ಎಂದು ನಕ್ಕ. ಹೊತ್ತು ಇಳಿಯುವವರೆಗೂ ಅವನು ಕೂಗುತ್ತ, ನಾನು ಅಕ್ಷರ ಒತ್ತುತ್ತ ಜಗಳವಾಡಿದೆವು. ಬಸ್ಸಿಗೆ ಬಿಟ್ಟು ಹೋಗಲು ಬಂದವನು, “ಓಗಿದ್ದು ಬಂದು ಬರಿ. ಓದ್ತೀನಿ” ಎಂದ.

ಆ ಗಾಯಕಿಯ ಕಛೇರಿಯ ದಿನ ಸಂಜೆ ಒಬ್ಬನೇ ಶ್ರೀರಂಗಪಟ್ಟಣಕ್ಕೆ ಹೋದೆ. ಛತ್ರದ ಅಂಗಳ ತುಂಬಿತ್ತು. ಆಕೆ ಎತ್ತಿಕೊಂಡದ್ದು ತೋಡಿಯಲ್ಲ, ಕಾಂಭೋಜಿಯಲ್ಲ, ಶಂಕರಾಭರಣ. ಎಷ್ಟು ನಿಧಾನವಾಗಿ, ಎಷ್ಟು ನೆಮ್ಮದಿಯಾಗಿ ಹಾಡಿದರೆಂದರೆ ಅಂಗಳದಲ್ಲಿ ಬೀಸಣಿಗೆಗಳು ಕೂಡ ನಿಂತಿದ್ದವು. ಮೇಲಿನ ಷಡ್ಜದಲ್ಲಿ ಅವರು ನಿಂತಾಗ ನನಗರಿವಿಲ್ಲದೆ ಬಲಕ್ಕೆ ತಿರುಗಿದೆ. ಪಕ್ಕದ ಕುರ್ಚಿಯಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು. ಒಳ್ಳೆಯ ಕೇಳುಗರೇ ಇರಬೇಕು. ಆದರೆ ಆ ಕಣ್ಣು ನನಗಾಗಿ ತೆರೆಯುವಂಥದಲ್ಲ. ಮತ್ತೆ ಮುಂದಕ್ಕೆ ತಿರುಗಿದೆ.

ಬಸ್‌ಸ್ಟಾಂಡಿನಲ್ಲಿ ನಿಂತು ‘ಶಂಕರಾಭರಣ. ಬಹಳ ಚೆನ್ನಾಗಿತ್ತು’ ಎಂದು ಬರೆದೆ. ಓದಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಹೆಚ್ಚಿಗೆ ಏನು ಬರೆಯಬೇಕೆಂದು ತೋಚದೆ ಕಳಿಸಿದೆ. ಗೌಡನಿಗೆ ಅಕ್ಷರ ಒತ್ತುವ ತಾಳ್ಮೆಯಿಲ್ಲ, ದನಿಯನ್ನೇ ರೆಕಾರ್ಡು ಮಾಡಿ ಕಳಿಸುತ್ತಾನೆ. ಮೊಬೈಲಿನಿಂದ ಅವನ ಕೂಗು ಕೇಳಿ ಪಕ್ಕದಲ್ಲಿದ್ದ ಹೆಂಗಸೊಬ್ಬರು ಬೆಚ್ಚಿಬಿದ್ದರು: “ಅಷ್ಟೇನಾ? ಅದ್ನೇಳಾಕೆ ಅಷ್ಟು ದೂರ ಓಗಿದ್ದಾ? ಎಲ್ಲಿಂದ ಎತ್ಕಂಡ್ಲು, ಎಲ್ಲಿ ನಿಂತ್ಕಂಡ್ಲು, ಪಿಟೀಲ್ನೋನು ಏನ್ ಮಾಡ್ದ, ಬರೀಲಾ!”

ಬಸ್ಸಿನಲ್ಲಿ ಕುಳಿತು ಬರೆದೆ. ಊದುಗೊಳವೆ ಹಿಡಿದು ಅಭ್ಯಾಸವಾದ ಕೈಗೆ ಆ ಪುಟ್ಟ ಅಕ್ಷರಗಳು ಬಗ್ಗುವುದಿಲ್ಲ, ತಪ್ಪುತಪ್ಪಾಗಿ ಬಂದವು. ಮಿಕ್ಕ ದಿನಗಳಲ್ಲೂ ಹೋದೆ, ಬರೆದೆ. ಬರೆಯಬೇಕಲ್ಲ ಎಂದು ಹೆಚ್ಚು ಗಮನವಿಟ್ಟು ಕೇಳಿದೆ ಎಂಬುದು ನಿಜ. ಆದರೂ ಗಮಕವನ್ನು ಅಕ್ಷರದಲ್ಲಿ ಹೇಗೆ ಬರೆಯುವುದು? ಅದು ತೂಗಿತು, ಜಾರಿತು ಎನ್ನಬಹುದು. ಗೌಡ ಪ್ರತಿ ಸಲವೂ “ಆಂ, ಗೊತ್ತಾಯ್ತು” ಎನ್ನುತ್ತಿದ್ದ. ನನಗಾಗಿ ಹಾಗೆನ್ನುತ್ತಿದ್ದಾನೆ ಎಂದು ಅನುಮಾನವಾಗುತ್ತಿತ್ತು.

ಕೊನೆಯ ದಿನ ನಾನು ಅಂಗಳದಿಂದ ಹೊರಬೀಳುವಾಗ ಕುರ್ಚಿಗಳನ್ನು ಮಡಚುತ್ತಿದ್ದರು. ಅಂದಿನದನ್ನು ಬರೆದು ಕಳಿಸಿದೆ. ಗೌಡನ ದನಿ ಬಂತು: “ನಾಳಿಕ್ಕೆ ಯಾರ್ದು?”

‘ಮುಗೀತು ಗೌಡ’ ಎಂದು ಬರೆದೆ.

ಓದಿದ್ದಾನೆಂಬ ನೀಲಿ ಗುರುತು ಮೂಡಿತು. ಇನ್ನೇನಾದರೂ ಹೇಳುತ್ತಾನೇನೋ ಎಂದು ಪಾಂಡವಪುರದ ಬಸ್ಸು ಬಂದು ನಿಲ್ಲುವವರೆಗೂ ಮೊಬೈಲನ್ನು ಜೇಬಿಗೆ ಹಾಕದೆ ನಿಂತಿದ್ದೆ.