ಹೆರೆಮಣೆಗೆ ಮೇಕೆ ಎಂದವಳು

ಮೆಸ್ಸಿನ ಅಕ್ಕ ಒಂದು ದಿನ ನಾಲ್ಕು ಜನರ ಎದುರು ಬಾಯಿ ಮುಚ್ಚುವ ಹಾಗೆ ಮಾಡು ಎಂದು ನಾನು ದೇವರಲ್ಲಿ ಕೇಳಿಕೊಂಡದ್ದು ನಿಜ. ದೀಪ ಹಚ್ಚಿ, ಕೈ ಮುಗಿದು, ಸ್ಪಷ್ಟವಾಗಿ ಕೇಳಿಕೊಂಡೆ. ಕ್ಷಮಿಸುವ ಬುದ್ಧಿ ಕೊಡು ಎಂದು ಕೇಳಬೇಕಿತ್ತು ಎನ್ನುವವರು ಇರಬಹುದು. ಅವರ ಮನೆಗೆ ಆಕೆಯ ಸಾರು ಬಂದಿರಲಿಕ್ಕಿಲ್ಲ.

ನಾವು ಇರುವುದು ಗಲ್ಫಿನ ಮಂಗಫ್‌ನಲ್ಲಿ, ರಿಫೈನರಿಯ ಬಸ್ಸು ನಿಲ್ಲುವ ಕಡೆ. ನಮ್ಮ ಕಟ್ಟಡದ ಕೆಳಗೇ ಆಕೆಯ ಮೆಸ್ಸು. ಊರಿನ ಹುಡುಗರೆಲ್ಲ ಊಟಕ್ಕೆ ಅಲ್ಲಿಗೇ ಹೋಗುವುದು. ಹಿಟ್ಟು ರುಬ್ಬಿ ಕೊಡುವುದು, ಕಾಯಿ ಹೆರೆದು ಕೊಡುವುದು ನನ್ನ ಕೆಲಸ. ನನ್ನ ಗಂಡನ ಕಾಂಟ್ರಾಕ್ಟ್ ಮುಗಿದು ಹೊಸದು ಸಿಗುವವರೆಗೆ ಆಕೆ ಆಗಾಗ ಉಳಿದ ಸಾರು ಕಳಿಸುತ್ತಿದ್ದಳು. ದೇವರು ಕೊಟ್ಟದ್ದು ಎಂದು ತೆಗೆದುಕೊಂಡೆ. ಉಪ್ಪು ಹೆಚ್ಚಾದಾಗಲೂ ಒಳ್ಳೆಯದಾಗಿತ್ತು ಅಕ್ಕಾ ಎಂದು ಪಾತ್ರೆ ತೊಳೆದು ಹಿಂತಿರುಗಿಸಿದೆ. ಆಮೇಲೆ ಒಂದು ಶುಕ್ರವಾರ ಭಜನೆ ಮುಗಿದು ಪ್ರಸಾದ ಹಂಚುವ ಹೊತ್ತಿಗೆ, ನಾನು ಅಲ್ಲೇ ಇರುವಾಗ, ಆಕೆ ಹೆಂಗಸರಿಗೆ ಹೇಳಿದಳು: “ಪಾಪ, ಇವರ ಮನೆ ನಮ್ಮ ಸಾರಿನಲ್ಲೇ ನಡೀತಾ ಉಂಟು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಕೈಯಲ್ಲಿದ್ದ ಪಂಚಕಜ್ಜಾಯವನ್ನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ದೇವರ ಪ್ರಸಾದವನ್ನು ಬಾಯಿಗಿಡದ ಹಾಗೆ ಮಾಡಿದವಳನ್ನು ನಾನು ಬಿಡುವುದುಂಟೇ?

ಅದೇ ದಿನಗಳಲ್ಲಿ ಒಬ್ಬ ಹುಡುಗಿ ನಮ್ಮ ಮನೆಗೆ ಬರತೊಡಗಿದಳು. ಆಫ್ರಿಕಾದವಳು, ಮೊಂಬಾಸಾ ಕಡಲ ತೀರದ ಊರು. ಪಕ್ಕದ ಬೀದಿಯ ಸಲೂನಿನಲ್ಲಿ ಹೆಂಗಸರ ತಲೆ ತೊಳೆಯುವ ಕೆಲಸ. ನಮ್ಮದೇ ಕಟ್ಟಡದ ಐದನೇ ಮಾಳಿಗೆಯಲ್ಲಿ ಅವಳ ಕಡೆಯ ಹುಡುಗಿಯರ ಜೊತೆ ಒಂದು ಕೋಣೆಯಲ್ಲಿ ವಾಸ. ರಜೆಯ ದಿನ ಮೆಸ್ಸಿನಲ್ಲಿ ಕೈಯಾಳು. ಮೆಸ್ಸಿನ ಅಕ್ಕ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. “ಏ ಸುಡಾನಿ” ಎನ್ನುತ್ತಿದ್ದಳು. ಹುಡುಗಿಯೂ ತಿದ್ದುತ್ತಿರಲಿಲ್ಲ. ಸಲೂನಿನಲ್ಲಿ ಇಥಿಯೋಪಿಯಾ ಎಂದರೆ ಅದಕ್ಕೂ ಹೌದು, ಮೆಸ್ಸಿನಲ್ಲಿ ಸುಡಾನ್ ಎಂದರೆ ಇದಕ್ಕೂ ಹೌದು.

ಮೊದಲ ಸಲ ಕಾಯಿತುರಿ ಒಯ್ಯಲಿಕ್ಕೆ ಬಂದಾಗ ನಾನು ಮಂಡಿನೋವಿನಲ್ಲಿ ಹೆರೆಮಣೆಯ ಮೇಲೆ ಕೂತಿದ್ದೆ. ಅದನ್ನು ಊರಿನಿಂದ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದದ್ದು. ನಮ್ಮ ಕಡೆಯವರನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಅದು ಗೊತ್ತಿಲ್ಲ ಎಂದೇ ನಾನು ನಂಬಿದ್ದೆ. ಹುಡುಗಿ ಅದನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. “ಮಮಾ, ನಿಮ್ಮ ಮನೆಯಲ್ಲಿ ಮೇಕೆ ಉಂಟಲ್ಲ!” ಎಂದಳು. ಅವಳ ಹಿಂದಿ ಅರ್ಧ, ನನ್ನ ಇಂಗ್ಲಿಷ್ ಅರ್ಧ. ನಾನೇ ತಪ್ಪು ಕೇಳಿದೆ ಎಂದುಕೊಂಡೆ. ಅಲ್ಲ. ಅವಳ ಊರಿನಲ್ಲಿ ಇಂಥದ್ದೇ ಮಣೆ, ಇಂಥದ್ದೇ ಹಲ್ಲಿನ ನಾಲಿಗೆ. ಅದಕ್ಕೆ ಮೇಕೆ ಎಂದೇ ಹೆಸರಂತೆ. ನನ್ನನ್ನು ಎಬ್ಬಿಸಿ ತಾನು ಕೂತಳು. ಕರಟದ ಕಪ್ಪು ಒಂದು ಚೂರೂ ಬೀಳದ ಹಾಗೆ ಬೆಳ್ಳಗೆ ಹೆರೆದಳು. ಅವತ್ತಿನಿಂದ ನನ್ನ ಮಂಡಿಗೆ ಬಿಡುವು ಸಿಕ್ಕಿತು. ಅದನ್ನೂ ದೇವರ ಲೆಕ್ಕಕ್ಕೇ ಹಾಕಿದ್ದೇನೆ.

ಆಮೇಲೆ ಒಂದು ದಿನ ನಮ್ಮ ಅಪ್ಪದ ಕಾವಲಿ ಅವಳ ಕಣ್ಣಿಗೆ ಬಿತ್ತು. ಅದೂ ಅವರಲ್ಲಿ ಉಂಟಂತೆ. ಅಕ್ಕಿ, ಕಾಯಿಹಾಲು, ಏಲಕ್ಕಿ ರುಬ್ಬಿ, ಹಿಟ್ಟು ಉಬ್ಬಿದ ಮೇಲೆ ಗುಳಿಯಲ್ಲಿ ಹೊಯ್ದು ಮಾಡಿ ಕೊಟ್ಟಳು. ವಿಟುಂಬುವಾ ಎಂದಳು. ನಮ್ಮ ಗುಳಿಯಪ್ಪದ ದಾಯಾದಿ ಎನ್ನಬಹುದು. ಬೆಲ್ಲ ಇಲ್ಲ, ಹೊರಗೆ ಗರಿಗರಿ, ಒಳಗೆ ಜಾಲರಿಯ ಹಾಗೆ ಹಗುರ. ಅದನ್ನು ಮೆಸ್ಸಿನ ಅಕ್ಕನಿಗೂ ತಿನ್ನಿಸಿದಳು. ಅಲ್ಲಿಂದ ಶುರುವಾಯಿತು. ಮುಂದಿನ ವಾರ ಮೆಸ್ಸಿನ ಬೋರ್ಡಿನಲ್ಲಿ ‘ಮಂಗಳೂರು ಸ್ಪೆಷಲ್ ಅಪ್ಪ’ ಬಂತು. ಹೊಯ್ಯುವವಳು ಹುಡುಗಿ, ಆದರೆ ಆಕೆ ಸಿಕ್ಕಸಿಕ್ಕವರಿಗೆಲ್ಲ ತನ್ನ ಅಜ್ಜಿಯ ಕೈರುಚಿ ಎಂದಳು.

ಚಳಿಗಾಲದಲ್ಲಿ ನಮ್ಮ ಕಡೆಯ ಹೆಂಗಸರು ಸೇರಿ ತಿಂಡಿ ಮೇಳ ಮಾಡುವುದುಂಟು. ಆ ವರ್ಷ ಸಲ್ವಾದಲ್ಲಿ, ಒಬ್ಬರ ವಿಲ್ಲಾದ ಅಂಗಳದಲ್ಲಿ. ದೊಡ್ಡ ಮೇಜು ಯಾವಾಗಲೂ ಮೆಸ್ಸಿನ ಅಕ್ಕನದೇ. ಮೇಳದ ಹಿಂದಿನ ವಾರ ಹುಡುಗಿ ಒಂದು ಸಂಜೆ ನಮ್ಮಲ್ಲಿಗೆ ಬಂದಳು. ಮೇಳದಲ್ಲಿ ಒಲೆಯ ಮುಂದೆ ಅವಳು ಇರಬೇಕಂತೆ. ಯಾರು ಕೇಳಿದರೂ ಮೇಡಮ್ ಕಲಿಸಿದ್ದು ಎನ್ನಬೇಕಂತೆ. ನಿಮ್ಮ ಕಡೆಯ ತಿಂಡಿ ಎಂದರೆ ಇಲ್ಲಿ ಯಾರೂ ಬಾಯಿಗಿಡುವುದಿಲ್ಲ ಎಂದೂ ಆಕೆ ಹೇಳಿದ್ದಳು.

“ಹಾಗೇ ಹೇಳಿಬಿಡುತ್ತೇನೆ ಮಮಾ,” ಎಂದಳು. “ನನಗೇನು ಹೋಗುತ್ತದೆ?”

ಊರಿಗೆ ಹೋಗಿ ದೋಣಿಗಟ್ಟೆಯ ಹತ್ತಿರ ತನ್ನದೇ ಅಂಗಡಿ ಇಡುತ್ತೇನೆ ಎಂದು ಇದೇ ಹುಡುಗಿ ನನ್ನ ಅಡುಗೆಮನೆಯಲ್ಲಿ ನಿಂತು ಎಷ್ಟೋ ಸಲ ಹೇಳಿದ್ದಳು. ತಾನು ಮಾಡಿದ್ದನ್ನು ತನ್ನದು ಎನ್ನಲಿಕ್ಕೆ ಬಾಯಿ ಬಾರದವಳು ಎಂಥ ಅಂಗಡಿ ಇಡುತ್ತಾಳೆ? ನನಗೆ ಸಿಟ್ಟು ಬಂತು. ಅರ್ಧ ಸಿಟ್ಟು ಅವಳ ಸಲುವಾಗಿ. ಉಳಿದರ್ಧ ಯಾರ ಮೇಲೆ ಎಂದು ಹೇಳಬೇಕಾಗಿಲ್ಲ.

“ಯಾರು ಕಲಿಸಿದ್ದು ನಿನಗೆ? ಅದು ಹೇಳು ಮೊದಲು,” ಎಂದೆ.

ಅಜ್ಜಿ ಎಂದಳು. ಮೊದಲು ತಲೆ ತಗ್ಗಿಸಿಕೊಂಡೇ ಹೇಳಿದಳು. ಬೆಳಗಿನ ಜಾವ ಅಜ್ಜಿ ಮೇಕೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದದ್ದು, ದೋಣಿ ಹತ್ತುವ ಜನ ಬರುವ ಮೊದಲು ಬುಟ್ಟಿ ತುಂಬಬೇಕಾದದ್ದು, ಹಿಟ್ಟು ಉಬ್ಬಿದೆಯೇ ಎಂದು ಕಣ್ಣಿನಿಂದಲ್ಲ, ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿ ತಿಳಿಯುತ್ತಿದ್ದದ್ದು. ಗಿರಾಕಿ ಬೈದರೂ ಬುಟ್ಟಿಯ ಬಟ್ಟೆ ಸರಿಮಾಡುತ್ತ ನಗುವುದನ್ನೂ ಅಜ್ಜಿಯೇ ಕಲಿಸಿದ್ದಂತೆ. ಹೇಳುತ್ತ ಹೇಳುತ್ತ ಹುಡುಗಿಯ ಬೆನ್ನು ನೆಟ್ಟಗಾಯಿತು. ನಡುವೆ ಒಮ್ಮೆ ನಿಲ್ಲಿಸಿ, ತಾನೇ ಮೊದಲ ಸಲ ಕೇಳಿದವಳ ಹಾಗೆ ನನ್ನನ್ನು ನೋಡಿದಳು.

“ನನಗೆ ಏನೇನು ಬರುತ್ತದೆ ಅಂತ ನಾನು ಇಲ್ಲಿ ಯಾರಿಗೂ ಹೇಳಿಲ್ಲ ಮಮಾ,” ಎಂದಳು. “ನನಗೇ ಹೇಳಿಕೊಂಡಿಲ್ಲ. ಅದಕ್ಕೇ ಅವರು ಹೇಳಿದ್ದೇ ನಿಜ ಆಗುತ್ತಾ ಹೋಯಿತು.”

ಮೇಳದ ಉಸ್ತುವಾರಿ ನೋಡುವ ಹಿರಿಯರಿಗೆ ಅವತ್ತೇ ಫೋನು ಮಾಡಿದೆ. ಇಷ್ಟು ವರ್ಷದಲ್ಲಿ ನಾನು ಮೇಜು ಕೇಳಿದವಳೇ ಅಲ್ಲ. ಒಂದು ಮೇಜು ಕೊಡಿ, ನನ್ನ ಜೊತೆ ಮೊಂಬಾಸಾದ ಹುಡುಗಿ ಇರುತ್ತಾಳೆ, ಅವಳ ಹೆಸರು, ಅವಳ ಊರಿನ ತಿಂಡಿ ಎಂದೆ. ಅವರಿಗೆ ಖುಷಿಯೇ ಆಯಿತು. ಮೆಸ್ಸಿನ ಅಕ್ಕನ ಎದುರಿನ ಜಾಗ ಆಗಬಹುದೇ ಎಂದು ಕೇಳಿದ್ದೂ ನಾನೇ.

ಹುಡುಗಿಗೆ ನಾನು ಕೊಟ್ಟ ಸಲಹೆ ಬೇರೆ ಇತ್ತು: ಆಕೆಗೆ ಏನೂ ಹೇಳಬೇಡ, ಬೆಳಿಗ್ಗೆ ಒಲೆ ಹಚ್ಚಿ ಕಾಯುತ್ತಾ ಕೂರಲಿ. ಹುಡುಗಿ ಒಪ್ಪಲಿಲ್ಲ. ಬರುತ್ತೇನೆ ಎಂದು ಹೇಳಿ ಬಾರದವಳು ಎನ್ನುವ ಹೆಸರಿನಿಂದ ಅಂಗಡಿ ಶುರು ಮಾಡಲಾರೆ ಎಂದು ಅವತ್ತೇ ಮೆಸ್ಸಿಗೆ ಹೋಗಿ ಹೇಳಿ ಬಂದಳು. ನನಗೆ ನಿರಾಸೆಯಾಯಿತು. ನಾಳೆಯಿಂದ ಬರಬೇಡ ಎಂದು ಆಕೆ ಕಿರುಚಿದ್ದು ಮೆಟ್ಟಿಲಿನವರೆಗೆ ಕೇಳಿಸಿತು ಎಂದು ತಿಳಿದ ಮೇಲೆ ಸ್ವಲ್ಪ ಸಮಾಧಾನ.

ಮೇಳದ ದಿನ ಹುಡುಗಿ ಸೊಂಟಕ್ಕೆ ತನ್ನ ಊರಿನ ಬಟ್ಟೆ ಸುತ್ತಿಕೊಂಡು ಬಂದಳು. ಕೆಂಪು ಕಪ್ಪು ಹೂವು. ಅಂಚಿನಲ್ಲಿ ಒಂದು ಸಾಲು ಅಕ್ಷರ. ಅವರ ಹೆಂಗಸರು ನೆರೆಮನೆಯವಳಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಅಂಥ ಬಟ್ಟೆ ಉಟ್ಟು ಅವಳ ಮುಂದೆ ನಡೆದಾಡಿ ಹೇಳುತ್ತಾರಂತೆ. ಎಂಥ ಬುದ್ಧಿವಂತ ಜನ! ಏನು ಬರೆದಿದೆ ಎಂದು ಕೇಳಿ ತಿಳಿದುಕೊಂಡೆ. ಇದಕ್ಕಿಂತ ಖಾರದ್ದು ಇಲ್ಲವೇ ಎಂದೆ. ತನ್ನ ಹತ್ತಿರ ಇನ್ನೊಂದೇ ಬಟ್ಟೆ ಉಂಟು, ಅದರಲ್ಲಿ ಮದುವೆಯ ಹಾರೈಕೆ ಮಾತ್ರ ಎಂದು ನಕ್ಕಳು.

ಹತ್ತು ಗಂಟೆಗೇ ನಮ್ಮ ಮೇಜಿನ ಮುಂದೆ ಸಾಲು. ಬಿಸಿಬಿಸಿ ತೆಗೆದು ಕೊಡುತ್ತ ಹುಡುಗಿ ಪ್ರತಿಯೊಬ್ಬರಿಗೂ ತನ್ನ ಹೆಸರು, ತನ್ನ ಊರು, ಅಜ್ಜಿಯ ವಿಷಯ ಹೇಳುತ್ತಿದ್ದಳು. ಎದುರಿನ ಮೇಜಿನಲ್ಲಿ ಮೆಸ್ಸಿನ ಅಕ್ಕ ತಾನೇ ಅಪ್ಪ ಹೊಯ್ದಿದ್ದಳು. ಸೋಡಾ ಜಾಸ್ತಿಯಾಗಿ ಒಳಗೆ ಹಸಿ. ನಾನು ಒಂದು ತೆಗೆದುಕೊಂಡು ತಿಂದು ನೋಡಿಯೇ ಹೇಳುತ್ತಿದ್ದೇನೆ. ಅನ್ನವನ್ನು ಹೀಗಳೆಯಬಾರದು, ಆದರೆ ಹಸಿಯಿದ್ದದ್ದು ಹಸಿಯೇ.

ಕೊನೆಗೆ ಮೆಸ್ಸಿನ ಅಕ್ಕ ತಡೆಯಲಾರದೆ ಇಬ್ಬರು ಗೆಳತಿಯರನ್ನು ಕರೆದುಕೊಂಡು ಸಾಲು ಬಿಟ್ಟು ನೇರ ಒಲೆಯ ಹತ್ತಿರ ಬಂದಳು. “ನಮ್ಮ ಹುಡುಗಿಯೇ ಮಾರಾಯ್ತಿ, ನಾನೇ ಕಲಿಸಿದ್ದು,” ಎಂದಳು. ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, “ಇದೆಂತ ಬರೆದದ್ದು, ಕಂಪನಿ ಹೆಸರಾ?” ಎಂದು ಕೇಳಿದಳು.

ಹುಡುಗಿ ಕೈ ನಿಲ್ಲಿಸಲಿಲ್ಲ. ಗುಳಿಯಲ್ಲಿದ್ದದ್ದನ್ನು ಮಗುಚಿ ಹಾಕಿ, ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಹೇಳಿದಳು.

“ನೀನು ನೋಡುತ್ತಾ ಇರು, ನನಗೆ ಕೆಲಸ ಇದೆ. ಅಷ್ಟೇ ಮೇಡಮ್ ಬರೆದಿರುವುದು. ನನಗೆ ಕಲಿಸಿದ್ದು ನನ್ನ ಅಜ್ಜಿ. ನಿಮಗೂ ಕೊಡುತ್ತೇನೆ, ಸಾಲಿನಲ್ಲಿ ಬನ್ನಿ.”

ಸಾಲಿನಲ್ಲಿದ್ದವರು ನಕ್ಕರು. ಭಜನೆಯ ಹೆಂಗಸರೂ ಅದರಲ್ಲಿ ಇದ್ದರು. ಮೆಸ್ಸಿನ ಅಕ್ಕ ನನ್ನ ಕಡೆ ನೋಡಿದಳು. “ಹಿಂದೆ ಜಾಗ ಉಂಟು ಅಕ್ಕಾ,” ಎಂದೆ, ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ. ಆಕೆ ಹಿಂದಕ್ಕೂ ಹೋಗಲಿಲ್ಲ, ಏನೂ ಹೇಳಲೂ ಇಲ್ಲ. ತನ್ನ ಮೇಜಿಗೆ ಹೋಗಿ ಕೂತಳು. ನಾನು ಕೇಳಿಕೊಂಡದ್ದು ಅಕ್ಷರಕ್ಕೆ ಅಕ್ಷರ ನಡೆಯಿತು. ನಾಲ್ಕು ಜನರ ಬದಲು ದೇವರು ಅಂಗಳ ತುಂಬ ಜನ ಕೊಟ್ಟ.

ತಿಂಗಳೊಳಗೆ ಮೆಸ್ಸಿನ ಅಕ್ಕನೇ ಹುಡುಗಿಗೆ ಹೇಳಿ ಕಳಿಸಿದಳು. ಒಂದು ಮದುವೆಯವರು ಆ ತಿಂಡಿಯೇ ಬೇಕು ಎನ್ನುತ್ತಿದ್ದಾರಂತೆ. ಹೋಗಬೇಡ ಎಂದೆ. ಹುಡುಗಿ ಹೋದಳು. ಡಬ್ಬಿಯ ಮೇಲೆ ತನ್ನ ಹೆಸರು, ತನ್ನ ಊರು ಇದ್ದರೆ ಮಾತ್ರ ಎಂದಳಂತೆ. ಆಕೆ ಬೇರೆ ದಾರಿಯಿಲ್ಲದೆ ಒಪ್ಪಿದಳು. ಹೆಸರಿನ ಚೀಟಿಗಳನ್ನು ಡಬ್ಬಿಗಳಿಗೆ ಅಂಟಿಸುವ ಕೆಲಸವನ್ನೂ ಹುಡುಗಿ ಆಕೆಯ ಕೈಯಿಂದಲೇ ಮಾಡಿಸಿದಳು. ರುಬ್ಬಿದ ಹಿಟ್ಟು ಕೊಡಲಿಕ್ಕೆ ಹೋದ ನಾನು ಬಾಗಿಲಲ್ಲಿ ನಿಂತು, ಕೊನೆಯ ಡಬ್ಬಿಯವರೆಗೆ ನೋಡಿಯೇ ಮೇಲೆ ಬಂದೆ.