ಗೋಡೆಯ ಈಚೆಗಿನ ಸೀಮಾ

ಅತನೂರಿನ ಕಲ್ಯಾಣಪ್ಪ ತನ್ನ ಮಗಳು ಸೀಮಾಳನ್ನು ಬೀದರಿನ ಕಡೆ ಕೊಟ್ಟಾಗ ಊರಿನವರು ಒಳ್ಳೆಯ ಸಂಬಂಧ ಎಂದರು. ಹುಡುಗ ಶಾಂತಕುಮಾರನಿಗೆ ಸ್ವಂತದ ಮೋಟಾರು ರಿಪೇರಿ ಅಂಗಡಿ ಇತ್ತು. ಮನೆಯಲ್ಲಿ ಅತ್ತೆ ಒಬ್ಬಳೇ. ವಾಯುಪಡೆಯ ನೆಲೆಯ ಗೋಡೆಗೆ ಹತ್ತಿಕೊಂಡ ಹಳ್ಳಿ ಅದು, ಮಾಳಿಗೆ ಏರಿದರೆ ವಿಮಾನ ಏಳುವುದೂ ಇಳಿಯುವುದೂ ಕಾಣುತ್ತದೆ ಎಂದು ಸಂಬಂಧ ತಂದವರು ಹೇಳಿದ್ದನ್ನು ಕಲ್ಯಾಣಪ್ಪ ಮಗಳಿಗೆ ಹಿಗ್ಗಾಗಲೆಂದು ಮತ್ತೆ ಮತ್ತೆ ಹೇಳಿದ. ಕಾಳು ಹಸನು ಮಾಡುತ್ತ ಕೂತಿದ್ದ ಸೀಮಾ ಮೊರದಿಂದ ತಲೆ ಎತ್ತಲಿಲ್ಲ.

ವಿಮಾನದ ಮಾತು ಅವಳಿಗೆ ಗಾಯದ ಮೇಲೆ ಬೆರಳಿಟ್ಟಂತಾಗುತ್ತಿತ್ತು. ಹಿಂದಿನ ವರ್ಷ ಅವಳೂ ಅವಳ ಓಣಿಯ ಗೆಳತಿ ಸೃಷ್ಟಿಯೂ ಅಗ್ನಿವೀರರಾಗಿ ವಾಯುಪಡೆ ಸೇರಲು ಹೊರಟಿದ್ದರು. ಯೋಚನೆ ಸೀಮಾಳದೇ. ಅಫಜಲಪುರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮೊಬೈಲು ಹಿಡಿದು ಜಾಹೀರಾತು ತೋರಿಸಿದವಳು ಅವಳು. ನಸುಕಿನಲ್ಲಿ ಸೃಷ್ಟಿಯ ಮನೆಯ ಕದ ಬಡಿದು, ಊರ ಹೊರಗಿನ ಡಾಂಬರು ರಸ್ತೆಯಲ್ಲಿ ಓಡಿಸಿದವಳೂ ಅವಳೇ. ಸೃಷ್ಟಿ ತೊಗರಿ ಹೊಲದ ಬದುವಿಗೆ ಕುಸಿದು ಕೂತು ತನ್ನಿಂದ ಆಗದು ಎಂದರೆ ಸೀಮಾ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಓಟದಲ್ಲಿ ಸೀಮಾ ಗೆರೆ ಮುಟ್ಟಿ, ನೀರು ಕುಡಿದು, ಹಿಂದೆ ತಿರುಗಿ ನೋಡಿದಾಗ ಸೃಷ್ಟಿ ಇನ್ನೂ ಏದುಸಿರು ಬಿಡುತ್ತ ಬರುತ್ತಿದ್ದಳು.

ಆಮೇಲೆ ವೈದ್ಯರ ತಪಾಸಣೆ. ಡಾಕ್ಟರು ಸೀಮಾಳ ಎಡಗಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಸಣ್ಣವಳಿದ್ದಾಗ ಆ ಕಿವಿ ಸೋರುತ್ತಿತ್ತು. ಅಜ್ಜಿ ರೇವಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಸೋರುವುದು ನಿಂತಿತ್ತು, ಪರದೆಯಲ್ಲಿ ತೂತು ಉಳಿದಿತ್ತು. ಅದಕ್ಕಾಗಿ ಅವಳನ್ನು ಕೈಬಿಟ್ಟರು, ಚಿಕಿತ್ಸೆ ಮಾಡಿಸಿಕೊಂಡು ಮರುತಪಾಸಣೆ ಕೇಳಬಹುದು ಎಂದರು. ಕಲ್ಯಾಣಪ್ಪ ಒಮ್ಮೆ ಕಲಬುರಗಿಗೆ ಕರೆದೊಯ್ದ. ಆಪರೇಷನ್ ಆಗಬೇಕೆಂದಾಗ, ಹೆಣ್ಣುಹುಡುಗಿಯ ಕಿವಿ ಕೊಯ್ಯಿಸಿ ನಾಳೆ ಹೆಚ್ಚು ಕಡಿಮೆಯಾದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ವಾಪಸು ಬಂದ. ಮರುತಪಾಸಣೆ ಕೇಳುವ ಅವಧಿ ಮುಗಿದುಹೋಯಿತು. ಮದುವೆಯಾದವರನ್ನು ಅಗ್ನಿವೀರರಾಗಿ ತೆಗೆದುಕೊಳ್ಳುವುದಿಲ್ಲ. ಅಕ್ಷತೆ ಬಿದ್ದ ಮೇಲೆ ಆ ಬಾಗಿಲೂ ಮುಚ್ಚಿತು. ಸೃಷ್ಟಿ ಆಯ್ಕೆಯಾಗಿ ತರಬೇತಿಗೆ ಹೋದಳು. ಅವಳ ತಂದೆ ದೇವಿಂದ್ರಪ್ಪ ಊರಿಗೆಲ್ಲ ಪೇಡೆ ಹಂಚಿದ. ಸೀಮಾ ತನ್ನ ಪಾಲಿನ ಪೇಡೆಯನ್ನು ಕರುವಿನ ಬಾಯಿಗೆ ಇಟ್ಟಳು.

ಗಂಡನ ಮನೆಯಲ್ಲಿ ಬೆಳಗಾದರೆ ವಿಮಾನದ ಸದ್ದು. ಆ ಹಳ್ಳಿಯ ಜನಕ್ಕೆ ಒಂದು ರೂಢಿ ಇತ್ತು. ಮಾತಿನ ನಡುವೆ ವಿಮಾನ ಬಂದರೆ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಗೋಡೆಯ ಗಿಲಾವು ಬಿರುಕು ಬಿಟ್ಟಿತೆಂದು ಅತ್ತೆ ಸುಂದರಬಾಯಿ ಬೈಯುವಳು, ಬೈಯುತ್ತಲೇ ಅಂಗಳಕ್ಕೆ ಬಂದು ಹಣೆಗೆ ಕೈ ಹಚ್ಚಿ ನೋಡುವಳು. ಸೀಮಾಳಿಗೆ ಮಾತ್ರ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಎಡಗಿವಿ ಮಂದವಾಗಿದ್ದರಿಂದ ಎಲ್ಲ ಸದ್ದೂ ಬಲಗಡೆಯದೇ ಅನಿಸುತ್ತಿತ್ತು. ಎಲ್ಲರೂ ಪಡುವಣಕ್ಕೆ ನೋಡುವಾಗ ಅವಳು ಮೂಡಣಕ್ಕೆ ತಿರುಗಿರುತ್ತಿದ್ದಳು. ಅತ್ತೆ ಗದ್ದ ಹಿಡಿದು ತಿರುಗಿಸಿ ನಗುತ್ತಿದ್ದಳು. ಸೀಮಾಳೂ ನಗುತ್ತಿದ್ದಳು, ಒಳಗೆ ಉರಿಯುತ್ತಿತ್ತು. ಆದರೂ ಬಟ್ಟೆ ಒಣಹಾಕುವ ನೆವದಲ್ಲಿ ಮಾಳಿಗೆ ಏರುವುದನ್ನು ಬಿಡಲಿಲ್ಲ. ತಂತಿ ಸುತ್ತಿದ ಆ ಉದ್ದ ಗೋಡೆಯ ಆಚೆ ಕೆಂಪು ಬಿಳಿ ಬಣ್ಣದ ವಿಮಾನಗಳು ಒಂದರ ರೆಕ್ಕೆಗೆ ಒಂದು ತಾಗಿದಂತೆ ಏಳುವಾಗ ಅವಳ ಕೈಯಲ್ಲಿನ ಸೀರೆಯಿಂದ ನೀರು ತೊಟ್ಟಿಕ್ಕಿ ಕಾಲು ತೋಯುತ್ತಿತ್ತು.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಸೃಷ್ಟಿಯ ಫೋನು ಬಂತು. ತರಬೇತಿ ಮುಗಿದಿತ್ತು, ಬೀದರಿಗೇ ಹಾಕಿದ್ದರು. ದೇಶದಲ್ಲಿ ಎಷ್ಟೋ ನೆಲೆಗಳಿರುವಾಗ ತನ್ನ ಮನೆಯ ಗೋಡೆಯ ಆಚೆಗೇ ಅವಳು ಬಂದು ಇಳಿಯಬೇಕೇ ಎಂದುಕೊಂಡ ಸೀಮಾ, ಬಾಯಲ್ಲಿ ಮಾತ್ರ ಭಾನುವಾರ ಊಟಕ್ಕೆ ಬಾ ಎಂದಳು.

ಸೃಷ್ಟಿ ಬಂದಳು. ಬೆನ್ನು ನೆಟ್ಟಗಾಗಿತ್ತು, ನಡಿಗೆ ಬದಲಾಗಿತ್ತು. ಸೀಮಾ ಮಾಡಿದ ಪುಂಡಿಪಲ್ಯವನ್ನು ಕಣ್ಣು ಮುಚ್ಚಿಕೊಂಡು ತಿಂದಳು. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಬರತೊಡಗಿದಳು. ಅವಳು ಬರುವ ದಿನ ಸುಂದರಬಾಯಿ ಕೆನೆಮೊಸರು ತೆಗೆದಿಡುವಳು. ಸೊಸೆಗೆ ತಳದ ಮಜ್ಜಿಗೆ. ದಿನವೆಲ್ಲ ಮೋಟಾರು, ವೈಂಡಿಂಗು ಬಿಟ್ಟರೆ ಬೇರೆ ಮಾತಿಲ್ಲದ ಶಾಂತಕುಮಾರ ಅವಳೆದುರು ಕೂತು ಅದೇನು ಇದೇನು ಎಂದು ಕೇಳುವನು. ಒಳಗಿನ ಸಂಗತಿ ಹೇಳುವಂತಿಲ್ಲ ಎಂದು ಸೃಷ್ಟಿ ನಗುವಳು. ಆ ನಗೆ ಸೀಮಾಳಿಗೆ ಚುಚ್ಚುತ್ತಿತ್ತು. ಬದುವಿನ ಮೇಲೆ ಕೂತು ಅಳುತ್ತಿದ್ದವಳನ್ನು ಎಬ್ಬಿಸಿದ್ದು ಯಾರು ಎಂಬುದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಸೃಷ್ಟಿಯೂ ಹೇಳಿರಲಿಲ್ಲ.

ಒಂದು ಭಾನುವಾರ ಪಾತ್ರೆ ತೊಳೆಯುವಾಗ ಸೃಷ್ಟಿ ತಾನಾಗಿಯೇ ಬಾಯಿ ಬಿಟ್ಟಳು. ಅವಳ ಕೆಲಸ ಸಾಮಾನಿನ ಕೋಠಿಯಲ್ಲಂತೆ. ಕಂಬಳಿ, ಬೂಟು, ಬಕೆಟ್ಟು ಬಂದರೆ ಇಳಿಸಿಕೊಳ್ಳುವುದು, ಕೇಳಿದವರಿಗೆ ಕೊಡುವುದು. ವಿಮಾನದ ಹತ್ತಿರ ಅವಳ ಕೆಲಸವೇ ಇಲ್ಲ. ತಗಡಿನ ಸೂರಿನ ಕೆಳಗೆ ಕೂತು ಸದ್ದು ಕೇಳುವುದಷ್ಟೇ. ನಿನ್ನ ಮಾಳಿಗೆಯಿಂದ ಕಾಣುವಷ್ಟು ನನಗೆ ಕಾಣುವುದಿಲ್ಲ ಎಂದಳು. ಸೀಮಾ ಅಯ್ಯೋ ಎಂದಳು. ಆದರೆ ಆ ರಾತ್ರಿ ಅವಳಿಗೆ ರೊಟ್ಟಿ ಎಂದಿಗಿಂತ ಹೆಚ್ಚು ರುಚಿಸಿತು.

ನಾಗರಪಂಚಮಿಗೆ ಸೀಮಾ ತವರಿಗೆ ಹೋದಳು. ಅತನೂರಿನಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಅಲ್ಲೇ ಸೇರಿದ್ದರು, ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಸೃಷ್ಟಿಗೆ ರಜೆ ಸಿಕ್ಕಿರಲಿಲ್ಲ. ಮೋಡದ ಆಚೆ ಎಲ್ಲಿಯೋ ವಿಮಾನದ ಸದ್ದು ಎದ್ದಿತು. ಆಗೀಗ ಆ ಕಡೆಗೂ ಒಂದೊಂದು ಹಾಯುವುದಿತ್ತು. ಸದ್ದು ಕೇಳಿದ್ದೇ ತಡ, ಜೋಕಾಲಿಯೂ ಹಾಡೂ ನಿಂತವು. ದೇವಿಂದ್ರಪ್ಪ ಕಟ್ಟೆಯಿಂದ ಇಳಿದು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಆಕಾಶಕ್ಕೆ ಬೀಸತೊಡಗಿದ. ಮಕ್ಕಳೂ ಕೈ ಬೀಸಿದವು.

"ನಮ್ಮ ಸೃಷ್ಟಿ ಹೊಂಟಾಳ ನೋಡ್ರಿ," ಎಂದ. "ಹಬ್ಬದ ದಿನ ಊರ ಮ್ಯಾಲೆ ಒಂದು ಸುತ್ತು ಹಾಕಿ ಹೋಗ್ತಾಳ."

ಊರವರು ಹೌದೆಂದರು. ಅವರ ಮುಖ ನೋಡಿದರೆ ಇದು ಬಹಳ ದಿನದಿಂದ ನಡೆದುಬಂದದ್ದು ಎಂದು ತಿಳಿಯುತ್ತಿತ್ತು. ಒಬ್ಬಳು ಸೀಮಾಳ ಕಡೆ ತಿರುಗಿ, ನೀನೂ ಹೋಗಿದ್ದರೆ ಇಬ್ಬರೂ ಜೋಡಿಯಾಗಿ ಹಾರಿಸುತ್ತಿದ್ದಿರಿ, ನಿನ್ನ ಹಣೆಯಲ್ಲಿ ಇರಲಿಲ್ಲ ಬಿಡು ಎಂದಳು. ಕನಿಕರದ ಮಾತೇ ಅದು. ಸೀಮಾಳ ಕಿವಿ ಕಾದುಹೋಯಿತು.

"ಸೃಷ್ಟಿ ವಿಮಾನ ಹಾರಸಂಗಿಲ್ಲರಿ ಕಾಕಾ," ಎಂದಳು. ದನಿ ತನಗೇ ಆಶ್ಚರ್ಯವಾಗುವಷ್ಟು ತಣ್ಣಗಿತ್ತು. "ಅಕಿ ಕೋಠ್ಯಾಗ ಕಂಬಳಿ ಎಣಸ್ತಾಳ. ನನಗ ಅಕಿನೇ ಹೇಳ್ಯಾಳ."

ದೇವಿಂದ್ರಪ್ಪನ ಕೈಯಲ್ಲಿ ವಲ್ಲಿ ಇನ್ನೂ ಎತ್ತಿಯೇ ಇತ್ತು. ಅವನು ಅದನ್ನು ಇಳಿಸಿ, ಮಡಚಿ, ಹೆಗಲಿಗೆ ಹಾಕಿಕೊಂಡು, ಹೊಲದ ಕಡೆ ಕೆಲಸವಿದೆ ಎಂದು ಹೇಳಿ ಹೋದ. ಹಬ್ಬದ ದಿನ ಯಾರ ಹೊಲದಲ್ಲೂ ಕೆಲಸವಿರಲಿಲ್ಲ. ಯಾರೋ ಜೋಕಾಲಿ ಜೀಕಿದರು, ಹಾಡು ಮಾತ್ರ ಮತ್ತೆ ಏಳಲಿಲ್ಲ.

ಮನೆಗೆ ಬಂದಾಗ ಅಜ್ಜಿ ರೇವಮ್ಮನಿಗೆ ಸುದ್ದಿ ಮುಟ್ಟಿತ್ತು. ಸೀಮಾ ತಾನು ಸುಳ್ಳೇನೂ ಹೇಳಲಿಲ್ಲ ಎಂದು ಮೊದಲೇ ವಾದ ಹೂಡಿದಳು. ರೇವಮ್ಮ ಎಳ್ಳುಂಡೆ ಕಟ್ಟುತ್ತ ಎಲ್ಲ ಕೇಳಿಸಿಕೊಂಡಳು.

"ನೀ ಹೇಳಿದ್ದು ಖರೇನ ಇರಬೇಕು ಬೇ. ಆದ್ರ ಯಾಕ ಹೇಳಿದಿ ಅನ್ನೂದೂ ಊರಿಗೆ ಗೊತ್ತಾತು."

ಸೀಮಾಳಿಗೆ ಆ ಮಾತು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಾಡಿತು. ಬೀದರು ಬರುವವರೆಗೂ ಅವಳು ಮನಸ್ಸಿನಲ್ಲೇ ಅಜ್ಜಿಯ ಜೊತೆ ಜಗಳಾಡಿದಳು, ಗೆಲ್ಲಲಿಲ್ಲ.

ಸೃಷ್ಟಿ ಬರುವುದು ನಿಂತಿತು. ಕೆನೆಮೊಸರು ಹುಳಿಯಾಗಿ ಹೋಗುತ್ತಿದೆ, ಆ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಸುಂದರಬಾಯಿ ಕೇಳಿದಾಗ ಡ್ಯೂಟಿ ಇರಬಹುದು ಎಂದು ಸೀಮಾ ಹೇಳುತ್ತಿದ್ದಳು. ಮೊದಮೊದಲು ಭಾನುವಾರಗಳು ಹಗುರವೆನಿಸಿದವು. ಆಮೇಲೆ ಆಮೇಲೆ ಅಂಗಡಿಯ ಲೆಕ್ಕ, ಅತ್ತೆಯ ಮೊಣಕಾಲು, ಇವೆರಡರ ನಡುವೆ ವಾರ ಮುಗಿಯುವುದೇ ತಿಳಿಯದಾಯಿತು. ಊರಿನಿಂದ ಬಂದ ಸುದ್ದಿ ಮಾತ್ರ ಒಂದೇ: ವಿಮಾನದ ಸದ್ದು ಬಂದರೆ ದೇವಿಂದ್ರಪ್ಪ ಈಗ ಒಳಗೆ ಹೋಗುತ್ತಾನಂತೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಸೃಷ್ಟಿ ಬಂದು ಬಾಗಿಲಲ್ಲಿ ನಿಂತಳು. ಇಬ್ಬರೂ ಮಾಳಿಗೆಗೆ ಹೋದರು. ಅಪ್ಪನಿಗೆ ನಿಜ ಹೇಳಬೇಕೆಂದು ಪ್ರತಿ ಸಲ ಫೋನು ಹಚ್ಚುತ್ತಿದ್ದಳಂತೆ. ಅವನು ಆಕಾಶದಲ್ಲಿ ನಿನ್ನ ನೋಡಿದೆ ಎಂದು ಹಿಗ್ಗುವಾಗ ಬಾಯಿ ಬರುತ್ತಿರಲಿಲ್ಲವಂತೆ.

"ನೀ ಹೇಳಿದ್ದು ಒಂದು ನಮೂನಿ ಛಲೋನೇ ಆತು," ಎಂದಳು. "ಆದ್ರ ಸೀಮಾ, ನೀ ಅದನ್ನ ನನ್ನ ಸಲುವಾಗಿ ಹೇಳಲಿಲ್ಲ."

ನಿನ್ನ ಸಲುವಾಗಿ ಅಲ್ಲ ಎಂದು ಸೀಮಾ ಒಪ್ಪಿಕೊಂಡಳು. "ನಿನ್ನ ನೋಡಿದ್ರ ಹೊಟ್ಟಿ ಉರಿತದ ನನಗ. ಈಗೂ ಉರಿಯಾಕತ್ತದ," ಎಂದಳು.

ಸೃಷ್ಟಿ ಅವಳ ಮುಖ ನೋಡಿದಳು. ಓಡುವುದು ನಿನಗೇ ಬರುತ್ತಿತ್ತು, ಅದು ನನಗೆ ಗೊತ್ತು ಎಂದಷ್ಟೇ ಹೇಳಿ, ಊಟ ಮಾಡದೆ ಹೋದಳು.

ಆ ವಾರವೇ ಸೀಮಾ ದೇವಿಂದ್ರಪ್ಪನಿಗೆ ಫೋನು ಮಾಡಿದಳು. ಅವನು ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ, ಬೀದರಿಗೆ ಬನ್ನಿ, ನಮ್ಮ ಮನೆಯಲ್ಲಿ ಇರಿ, ಮಗಳ ಜಾಗ ಕಣ್ಣಾರೆ ನೋಡಿ ಎಂದು ಕರೆದಳು. ಒಂದು ಬೆಳಿಗ್ಗೆ ಅವನು ಸಜ್ಜೆಯ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದ.

ಚಹಾ ಕುಡಿದ ಮೇಲೆ ಸೀಮಾ ಅವನನ್ನು ಮಾಳಿಗೆಗೆ ಕರೆದೊಯ್ದು ಕುರ್ಚಿ ಹಾಕಿದಳು. ಕೆಂಪು ಬಿಳಿ ವಿಮಾನಗಳು ಎದ್ದವು, ಹೊಗೆ ಬಿಟ್ಟವು, ಮಗುಚಿ ಹಾರಿದವು. ಸುತ್ತಲಿನ ಮಾಳಿಗೆಗಳ ಮೇಲೆ ಜನ ಚಪ್ಪಾಳೆ ತಟ್ಟಿದರು. ದೇವಿಂದ್ರಪ್ಪ ಒಮ್ಮೆ ಕಣ್ಣೆತ್ತಿ ನೋಡಿ, ತಲೆ ತಗ್ಗಿಸಿದ.

"ನನ್ನ ಮಗಳು ಎಲ್ಲಿ ಕೂಡ್ತಾಳವ್ವಾ?"

ಸೃಷ್ಟಿ ಯಾವ ಕಟ್ಟಡದಲ್ಲಿ ಕೆಲಸ ಮಾಡುತ್ತಾಳೆಂದು ಸೀಮಾಳಿಗೆ ಗೊತ್ತಿರಲಿಲ್ಲ. ಸೃಷ್ಟಿ ಅದನ್ನೆಂದೂ ತೋರಿಸಿರಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ಗೋಡೆಯ ಆಚೆ ನೀಲಗಿರಿ ಮರಗಳ ಸಾಲು, ಅದರ ಹಿಂದೆ ಬೂದುಬಣ್ಣದ ತಗಡಿನ ಚಾವಣಿಗಳು. ಸೀಮಾ ಕೈ ಎತ್ತಿ ಅವುಗಳಲ್ಲಿ ಒಂದನ್ನು ತೋರಿಸಿದಳು. ಅದೇ ಎಂದಳು.

ದೇವಿಂದ್ರಪ್ಪ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡ. ತಲೆಯ ಮೇಲೆ ವಿಮಾನಗಳು ಸೀಳಿಕೊಂಡು ಹೋಗುತ್ತಿದ್ದವು. ಅವನು ಮತ್ತೆ ಮೇಲೆ ನೋಡಲಿಲ್ಲ. ಬಿಸಿಲು ಏರಿತು. ಸುಂದರಬಾಯಿ ಕೆಳಗಿನಿಂದ ಊಟಕ್ಕೆ ಕರೆದಳು. ಅವನು ಇನ್ನೊಂದು ಚೂರು ಕೂಡುತ್ತೇನೆ ಎಂದ. ಬಿಸಿಲಿನಲ್ಲಿ ತಗಡು ಕಾದು ಅವಳಿಗೆ ಸೆಕೆಯಾಗುತ್ತಿರಬೇಕು, ಒಳಗೆ ಫ್ಯಾನು ಇದೆಯೋ ಇಲ್ಲವೋ ಎಂದು ಕೇಳಿದ. ಇರುತ್ತದೆ ಎಂದಳು ಸೀಮಾ.

ಅವಳು ಮೆಟ್ಟಿಲ ಬಳಿ ನಿಂತು ಅವನನ್ನೇ ನೋಡಿದಳು. ಮಾಡಿದ ತಪ್ಪಿಗೆ ಒಂದಿಷ್ಟಾದರೂ ಸಮಾಧಾನವಾಗಬಹುದು ಎಂದುಕೊಂಡಿದ್ದಳು. ಆದರೆ ಹೊಟ್ಟೆಯೊಳಗೆ ಎದ್ದದ್ದು ಅದೇ ಹಳೆಯ ಉರಿ, ಈ ಸಲ ಬೇರೆ ಜಾಗದಲ್ಲಿ. ಮದುವೆಯಾದ ಮೇಲೆ ಕಲ್ಯಾಣಪ್ಪ ಈ ಮನೆಗೆ ಒಮ್ಮೆ ಬಂದಿದ್ದ. ಪಡಸಾಲೆಯಲ್ಲಿ ಅಳಿಯನ ಜೊತೆ ಮಳೆ ಬೆಳೆ ಮಾತಾಡಿ, ಮಧ್ಯಾಹ್ನದ ಬಸ್ಸಿಗೆ ಎದ್ದಿದ್ದ. ಮಗಳು ಅಡುಗೆ ಮಾಡುವ ಜಾಗ ಯಾವುದು, ಮಲಗುವ ಕೋಣೆಗೆ ಗಾಳಿ ಬರುತ್ತದೋ ಇಲ್ಲವೋ, ಅವನು ನೋಡಿರಲಿಲ್ಲ. ಸೃಷ್ಟಿಯ ಸಮವಸ್ತ್ರವನ್ನು, ಅವಳ ನಡಿಗೆಯನ್ನು, ಕೆನೆಮೊಸರನ್ನು ಕೊಟ್ಟರೂ ಬೇಡ, ಈ ಕುರ್ಚಿಯಲ್ಲಿ ಹೀಗೆ ಕೂರುವ ಒಬ್ಬ ಅಪ್ಪ ಸಾಕು ಎನಿಸಿತು ಅವಳಿಗೆ.

ಅಂದು ಸಂಜೆ ಸೃಷ್ಟಿ ಪರವಾನಗಿ ಪಡೆದು ಬಂದಳು. ಅಪ್ಪ ಮಗಳು ಅಂಗಳದಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ನಿನ್ನ ಕೋಠಿ ನೋಡಿದೆ, ಗಟ್ಟಿ ಕಟ್ಟಡ ಎಂದು ದೇವಿಂದ್ರಪ್ಪ ಹೇಳಿದಾಗ ಸೃಷ್ಟಿ ಸೀಮಾಳ ಕಡೆ ತಿರುಗಿದಳು. ಸೀಮಾ ಒಲೆಯ ಕಡೆ ಮುಖ ಮಾಡಿ ರೊಟ್ಟಿ ತಟ್ಟುತ್ತಿದ್ದಳು. ಸೃಷ್ಟಿ ಹೌದಪ್ಪ ಎಂದಳು.

ರೊಟ್ಟಿ ಆದ ಮೇಲೆ ಸೀಮಾ ಎಲ್ಲರಿಗೂ ಬಡಿಸಿದಳು. ಕೆನೆಮೊಸರಿನ ಗಡಿಗೆ ತೆಗೆದು ಮೊದಲು ದೇವಿಂದ್ರಪ್ಪನಿಗೆ, ಆಮೇಲೆ ಸೃಷ್ಟಿಗೆ ಹಾಕಿ, ಉಳಿದದ್ದನ್ನು ಯಾರನ್ನೂ ಕೇಳದೆ ತನ್ನ ತಾಟಿಗೆ ಸುರಿದುಕೊಂಡು ಅವರ ಪಕ್ಕದಲ್ಲೇ ಊಟಕ್ಕೆ ಕೂತಳು.