ಕಾದ ಇಕ್ಕಳ, ಅವ್ವನ ಚೌರಿ

ದಂಡಿಗೆ ಬಂದ ಮೂರನೆಯ ದಿನ, ಪಕ್ಕದ ಮನೆಯ ಹೆಂಗಸು ಕೆಂಡದಲ್ಲಿ ಕಾಯಿಸಿದ ಕಬ್ಬಿಣವನ್ನು ತನ್ನ ತಲೆಗೇ ಹಿಡಿದುಕೊಂಡದ್ದನ್ನು ಕಂಡು ಹೌಹಾರಿದೆ. ನಮ್ಮ ಶಿವನಿಯಲ್ಲಿ ಕಾದ ಕಬ್ಬಿಣ ಮುಟ್ಟಿಸುವುದು ಕಾಯಿಲೆ ಬಿದ್ದ ಎತ್ತಿಗೆ, ಬರೆ ಹಾಕುವಾಗ. ಇವಳು ಕನ್ನಡಿಯ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಳು.

ದಂಡು ಎಂದರೆ ಬೆಂಗಳೂರಿನಲ್ಲಿ ಇಂಗ್ಲಿಷರ ಸೈನ್ಯವಿರುವ ಭಾಗ. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ರೈಲಿನಲ್ಲಿ ಒಂದೇ ಹಗಲಿನ ದಾರಿ, ಇಳಿದರೆ ಬೇರೆಯೇ ದೇಶ. ಹಾಲಿನವನೂ ಸೊಪ್ಪಿನವಳೂ ತಮಿಳರು. ಊರಲ್ಲಿ ತೋಟದ ಕಾಯಿ ಬೇಕಾದಷ್ಟು ಒಡೆಯುತ್ತಿದ್ದವಳು ಇಲ್ಲಿ ಒಂದು ಹೋಳನ್ನು ಎರಡು ದಿನ ತುರಿಯುತ್ತೇನೆ. ತಿಂಗಳೊಳಗೆ ಸೊಪ್ಪಿನವಳ ಜೊತೆ ತಮಿಳಿನಲ್ಲೇ ಜಗಳವಾಡಿ ಗೆದ್ದೆ. ಆದರೂ ಹಗಲೆಲ್ಲ ಮಾತಿಗೆ ಜನವಿರಲಿಲ್ಲ.

ಪಕ್ಕದ ಮನೆಯವಳು ರೋಸಿ, ರೈಲ್ವೆ ಗಾರ್ಡಿನ ಹೆಂಡತಿ, ಗೌನು ತೊಡುವವಳು. ಅವಳೇ ನನಗೆ ಗೆಳತಿಯಾದಳು. ಕೂದಲು ಸುರುಳಿ ಮಾಡುವ ಆ ಇಕ್ಕಳಕ್ಕೆ ಅವಳು 'ಟಾಂಗ್ಸ್' ಎನ್ನುತ್ತಿದ್ದಳು. ಕಾದ ಮೇಲೆ ಅದನ್ನು ಮೊದಲು ಕಾಗದಕ್ಕೆ ಒತ್ತುವಳು. ಕಾಗದ ಕಂದಿದರೆ ಆರಲು ಬಿಡುವಳು. ಆಮೇಲೆ ಕೂದಲು ಸುತ್ತಿ ಬಿಟ್ಟರೆ ಹಣೆಯ ಮೇಲೆ ಕೆರೆಯ ಅಲೆಯಂತೆ ಕೂರುತ್ತಿತ್ತು. ಬೀದಿಯ ಹುಡುಗಿಯರು ನನ್ನ ಎಣ್ಣೆಜಡೆ ನೋಡಿ ಮುಸಿನಕ್ಕದ್ದು ಮನಸ್ಸಿನಲ್ಲಿತ್ತು. ಒಂದು ಶುಕ್ರವಾರ ಇಕ್ಕಳ ಕೇಳಿ ತಂದೆ.

ತಲೆ ತೊಳೆದು ಚೆನ್ನಾಗಿ ಒಣಗಿಸು, ಎಣ್ಣೆ ಸೋಕಿಸಬೇಡ ಎಂದು ರೋಸಿ ಹರಕು ತಮಿಳಿನಲ್ಲೂ ಕೈಸನ್ನೆಯಲ್ಲೂ ಹೇಳಿದ್ದಳು. ನಮ್ಮಲ್ಲಿ ಎಣ್ಣೆಯಿಲ್ಲದೆ ತಲೆ ಕೆದರಿಕೊಂಡು ಕೂರುವುದು ಸಾವಾದ ಮನೆಯವರು. ಗಂಡ ಗಟ್ಟಿಮುಟ್ಟಾಗಿರುವಾಗ, ಅದೂ ಶುಕ್ರವಾರ, ಹಾಗೆ ಕೂರಲು ನನಗೆ ಮನಸ್ಸು ಬರಲಿಲ್ಲ. ತೊಳೆದ ತಲೆಗೆ ಒಂದು ಅಂಗೈ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೆ. ಇಕ್ಕಳ ಮುಟ್ಟಿದ ಕೂಡಲೇ ಒಗ್ಗರಣೆಯಂತೆ ಚುರ್ ಎಂದಿತು. ಹೊಗೆ ಎದ್ದಿತು. ಎಳೆದರೆ ಬಲಗಿವಿಯ ಮೇಲಿನ ಹಿಡಿ ಕೂದಲು ಇಕ್ಕಳದಲ್ಲೇ ಬಂತು. ಉಳಿದದ್ದು ಇಲಿಬಾಲದಂಥ ಜಡೆ.

ಎರಡು ತಿಂಗಳಿಗೆ ಊರಿಗೆ ಹೋದೆ. ಅವ್ವ ಎಂದಿನಂತೆ ಹೊಸ್ತಿಲ ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿದಳು. ಬಾಚಣಿಗೆ ನಿಂತಿತು.

"ಯಾಕೆ ಕಣೇ, ಕೂದ್ಲು ಏನಾಯ್ತು?"

"ಜ್ವರ ಬಂದಿತ್ತು ಕಣವ್ವ."

ಯೋಚಿಸದೆ ಬಂದ ಮಾತು. ಶೋಕಿಗೆ ಸುಟ್ಟುಕೊಂಡೆ ಎನ್ನಲು ನಾಚಿಕೆಯಾಯಿತು. ಒಂದು ಕಾಗದ ಹಾಕಬಾರದಿತ್ತೇ ಎಂದು ಅವ್ವ ಅತ್ತಳು. ಆಮೇಲೆ ತನ್ನ ತುರುಬು ಬಿಚ್ಚಿ ಒಳಗಿನ ಚೌರಿ ಎಳೆದಳು. ಬಾಚುವಾಗ ಉದುರಿದ ಕೂದಲನ್ನು ಗೋಡೆಯ ಗೂಡಿನಲ್ಲಿ ವರ್ಷಗಟ್ಟಲೆ ಕೂಡಿಟ್ಟು ಹೊಸೆದುಕೊಂಡ ಚೌರಿ ಅದು. ಅದಿಲ್ಲದ ಅವ್ವನ ತುರುಬು ನಿಂಬೆಹಣ್ಣಿನಷ್ಟಾಯಿತು.

"ನಂಗ್ಯಾಕೆ ಕಣೇ ಇನ್ನು ಇದು? ನಾಕು ಜನದ ಮಧ್ಯ ಇರೋಳು ನೀನು, ಇಟ್ಕೋ," ಎಂದು ನನ್ನ ಜಡೆಗೆ ಹೆಣೆದಳು.

ಮಗಳು ಬದುಕಿದಳಲ್ಲ ಎಂದು ಮರುದಿನ ಅಂತರಘಟ್ಟೆಯ ಅಮ್ಮನ ಗುಡಿಗೆ ಬರಿಗಾಲಲ್ಲಿ ಹೊರಟಳು. ನಾನು ಹಿಂದೆ ನಡೆದೆ. ದಾರಿಯಲ್ಲಿ ಅವಳ ಅಂಗಾಲಿಗೆ ಮುಳ್ಳು ಚುಚ್ಚಿತು. ಕೂತು ತೆಗೆದವಳು ನಾನೇ. ಆಗಲೂ ಬಾಯಿ ಬಿಡಲಿಲ್ಲ.

ಈಗ ನನ್ನ ಕೂದಲು ಮತ್ತೆ ಬೆಳೆದಿದೆ. ದಂಡಿನಲ್ಲಿ ನನ್ನನ್ನು ಮೈಸೂರು ಸೀಮೆಯವಳು ಎನ್ನುತ್ತಾರೆ, ಊರಿನಲ್ಲಿ ದಂಡಿನವಳು ಎನ್ನುತ್ತಾರೆ. ಎರಡೂ ಕಡೆ ಅವ್ವನ ಚೌರಿಯನ್ನು ಕಟ್ಟಿಕೊಂಡೇ ತಿರುಗುತ್ತೇನೆ. ಹಿಂದಿರುಗಿಸಬೇಕಾದರೆ ನಿಜ ಹೇಳಬೇಕು.

ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಶಿವನಿಯ ಮೇಷ್ಟರ ಮನೆಗೆ ಬರುತ್ತದೆ. ಅವ್ವನಿಗೆ ಓದು ಬಾರದು. ಮೇಷ್ಟರೇ, ಬೇರೆ ಯಾರೂ ಇಲ್ಲದಾಗ ಇದನ್ನು ಅವಳಿಗೆ ಓದಿ ಹೇಳಿ.

ಜ್ವರ ಬಂದಿರ್ಲಿಲ್ಲ ಕಣವ್ವ. ಚೌರಿ ತತ್ತೀನಿ. ಇನ್ನೊಂದ್ಸಲ ಹೊಸ್ತಿಲ ಮುಂದೆ ಕೂರಿಸ್ಕೊಂಡು ನನ್ನ ತಲೆ ಬಾಚ್ತೀಯಾ?